ಬಿಟ್ಟದ್ದನ್ನೂ ಎಣಿಸಿದ ಶರಣಬಸವ ಸರ್

ಕೃಷ್ಣಾ ನದಿಯ ನಮ್ಮ ದಡದಿಂದ ಗದ್ವಾಲದ ಕೋಟೆಯವರೆಗೆ ಭೌತಶಾಸ್ತ್ರ ಕಲಿಸಿದವರು ಎಷ್ಟೋ ಮಂದಿ ಇದ್ದಾರೆ. ಆದರೆ ಡಾಕ್ಟರಿಕೆ, ಎಂಜಿನಿಯರಿಂಗ್ ಓದಬೇಕೆನ್ನುವ ರೈತರ, ನೇಕಾರರ ಮಕ್ಕಳ ಎದೆಯಿಂದ ಪ್ರವೇಶ ಪರೀಕ್ಷೆಯ ಭಯವನ್ನು ಇಳಿಸಿ, ಅದನ್ನು ಮೂವತ್ತೆರಡು ವರ್ಷ ತಮ್ಮ ಹೆಗಲ ಮೇಲೆ ಹೊತ್ತು ತಿರುಗಿದವರು ಯಾರೆಂದು ಕೇಳಿದರೆ, ಮಕ್ತಲ್ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿಯೂ ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿಯೂ ಒಂದೇ ಹೆಸರು ಹೇಳುತ್ತಾರೆ. ಆ ಹೆಸರು ಶ್ರೀ ಶರಣಬಸವ ಸರ್ ಅವರದು. ಈ ಜೂನ್ ಕೊನೆಗೆ ಗದ್ವಾಲದ ಜೂನಿಯರ್ ಕಾಲೇಜಿನಿಂದ ಅವರು ನಿವೃತ್ತರಾದರು. ಹಾರ ಹಾಕಿಸಿಕೊಳ್ಳುವಾಗಲೂ ಅವರಿಗೆ ಕಣ್ಣು ಎಳೆಯುತ್ತಿತ್ತು. ಅದು ಆನಂದದ ಮಂಪರೆಂದು ವೇದಿಕೆಯ ಮೇಲಿದ್ದವರು ಹೊಗಳಿದರು. ಅದು ಬರೀ ನಿದ್ದೆಯೆಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಹೆಂಡತಿ ಬಸವೇಶ್ವರಿಯವರಿಗೆ ಗೊತ್ತಿತ್ತು.

ರಾಜ್ಯದ ಗಡಿಯಲ್ಲಿರುವ ಕೃಷ್ಣಾ ಮಂಡಲದ ಹೊಳೆದಂಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿ, ರಾಯಚೂರಿನಲ್ಲಿ ಡಿಗ್ರಿ ಮುಗಿಸಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ಮಕ್ತಲ್‌ನಲ್ಲಿ. ಆ ಊರಿನ ಬೇಸಿಗೆ ಎಂಥದ್ದೆಂದರೆ, ಪ್ರಯೋಗಾಲಯದ ಥರ್ಮಾಮೀಟರಿನ ಪಾದರಸ ಗಾಜು ಒಡೆದುಕೊಂಡು ಹೊರಗೆ ಬಂದು ಬಾವಿಯ ನೆರಳಿನಲ್ಲಿ ಕುಳಿತಿತ್ತೆಂದು ಅಟೆಂಡರ್ ಕುರುಮಯ್ಯ ಇಂದಿಗೂ ಆಣೆ ಹಾಕಿ ಹೇಳುತ್ತಾನೆ. ಬಿಸಿಲಿನಲ್ಲಿ ತಲೆ ಓಡುವುದಿಲ್ಲವೆಂದು ಸರ್ ಬೆಳಗಿನ ಆರು ಗಂಟೆಗೆ ತರಗತಿ ಶುರುಮಾಡಿದರು. ಫೀಸಿಲ್ಲ, ಹಾಜರಿಯಿಲ್ಲ, ರಜೆಯೂ ಇಲ್ಲ. ಮೊದಲ ದಿನ ಬಂದವರು ಮೂವರು. ಸರ್ ನಾರಾಯಣಪೇಟೆಗೆ ವರ್ಗವಾಗುವ ಹೊತ್ತಿಗೆ ಮುನ್ನೂರು ಮಂದಿ ಬರುತ್ತಿದ್ದರೆಂದು ಕುರುಮಯ್ಯ ಹೇಳುತ್ತಾನೆ. ಕೋಣೆಯಲ್ಲಿದ್ದ ಬೆಂಚುಗಳ ಮೇಲೆ ಅರವತ್ತರ ಮೇಲೆ ಒಬ್ಬರೂ ಹಿಡಿಯುತ್ತಿರಲಿಲ್ಲ.

ಮೊದಲ ಇಪ್ಪತ್ತು ಚಿಲ್ಲರೆ ವರ್ಷ ಅವರು ಮಕ್ಕಳಿಗೆ ಹೇಳಿದ್ದು ಒಂದೇ ಮಾತು. ಎರಡೂ ಓದಿಗೆ ಬಾಗಿಲಾಗಿದ್ದ ಎಂಸೆಟ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಆದ್ದರಿಂದ ಒಂದೂ ಪ್ರಶ್ನೆ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೊಂದು ತುಂಬಿ ಬನ್ನಿ. ಆಮೇಲೆ ಡಾಕ್ಟರಿಕೆಗೆ ಬೇರೆಯಾಗಿ ನೀಟ್ ಪರೀಕ್ಷೆ ಬಂತು. ಅಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಬಿಟ್ಟರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಅರ್ಧ ಆಯುಷ್ಯ ಹೇಳಿದ ಮಾತನ್ನು ತಿರುಗಿಸಿ ಹೇಳಬೇಕಾಯಿತು. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಹಳೆಯ ಮಾತು, ಡಾಕ್ಟರಿಕೆಗೆ ಹೋಗುವವರಿಗೆ ಹೊಸ ಮಾತು, ಎರಡೂ ಒಂದೇ ಕೋಣೆಯಲ್ಲಿ, ಒಂದೇ ಬಾಯಿಂದ.

"ಎಡಗಡಿ ಬೆಂಚಿಗೆ ಬಿಡ್ರಿ ಅಂತೀರಿ, ಬಲಗಡಿ ಬೆಂಚಿಗೆ ಬಿಡಬ್ಯಾಡ್ರಿ ಅಂತೀರಿ," ಎಂದು, ಸರ್ ಹಿಂದೆಯೇ ವರ್ಗವಾಗಿ ಬಂದಿದ್ದ ಕುರುಮಯ್ಯ ಚಹಾ ತಂದಿಟ್ಟು ಕೇಳಿದ. "ನಾ ಯಾವ ಕಡಿ ಕುಂದ್ರಬೇಕು ಸಾರ್?"

"ನೀ ಬಾಗಲ ಹತ್ರ ಕುಂದ್ರು. ಲಗೂನ ಮನಿಗಿ ಹೋಗಾಕ ಬರ್ತೈತಿ," ಎಂದರು ಸರ್.

ಬಿಡುವುದು ತುಂಬುವುದಕ್ಕಿಂತ ಕಷ್ಟವೆಂದು ಅವರಿಗೆ ಬೇಗ ತಿಳಿಯಿತು. ಜಾಣ ಮಕ್ಕಳಿಗಂತೂ ಇನ್ನೂ ಕಷ್ಟ. ಅದಕ್ಕಾಗಿ ಪ್ರತಿಯೊಬ್ಬರಿಂದ ಒಂದು ನೋಟ್‌ಬುಕ್ ಇಡಿಸಿದರು, ತಾವೂ ಒಂದು ಇಟ್ಟುಕೊಂಡರು. ಅದರ ಹೆಸರು ಬಿಟ್ಟ ಪುಸ್ತಕ. ಅಭ್ಯಾಸ ಪರೀಕ್ಷೆ ಮುಗಿದ ಮೇಲೆ ಎಷ್ಟು ಅಂಕ ಬಂತೆಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಯಾವ ಪ್ರಶ್ನೆ ಬಿಟ್ಟಿರಿ ಎಂದು ಕೇಳುವರು, ಅದನ್ನು ಪುಸ್ತಕದಲ್ಲಿ ಬರೆಸುವರು, ಮರುದಿನ ಬೆಳಗ್ಗೆ ಅಲ್ಲಿಂದಲೇ ಪಾಠ ಶುರುಮಾಡುವರು. ದೊಡ್ಡ ಊರಿನ ಕೋಚಿಂಗ್‌ನವರು ರ್‍ಯಾಂಕ್ ಬಂದವರ ಫೋಟೋಗಳನ್ನು ರಸ್ತೆಯುದ್ದಕ್ಕೂ ಕಟ್ಟುವ ಕಾಲದಲ್ಲಿ, ಮಕ್ಕಳು ಏನನ್ನು ಬಿಟ್ಟರೆಂದು ಬರೆದಿಡುವ ಮೇಷ್ಟರು ಇವರೊಬ್ಬರೇ.

ಪರೀಕ್ಷೆಯ ದಿನ ಅವರೂ ಬಸ್ಸು ಹತ್ತಿ ಮಹಬೂಬನಗರಕ್ಕೆ ಹೋಗುತ್ತಿದ್ದರು. ಒಳಗೆ ಬೂಟು ಬಿಡುವುದಿಲ್ಲವೆಂದು ನಾಲ್ಕು ಜೊತೆ ಚಪ್ಪಲಿ, ಉದ್ದ ತೋಳಿಗೆ ತಕರಾರು ಬಂದರೆ ಇರಲೆಂದು ಎರಡು ಗಿಡ್ಡ ತೋಳಿನ ಅಂಗಿ, ಹುಡುಗಿಯರ ಮೂಗುಬಟ್ಟು, ಓಲೆ ತೆಗೆದಿಡಲು ಸ್ಟೀಲಿನ ಒಂದು ಡಬ್ಬಿ ಅವರ ಚೀಲದಲ್ಲಿರುತ್ತಿದ್ದವು. ಒಂದೊಂದು ಒಡವೆಯನ್ನೂ ಕಾಗದದಲ್ಲಿ ಸುತ್ತಿ ಹೆಸರು ಬರೆದು, ಪರೀಕ್ಷೆ ಮುಗಿಯುವವರೆಗೆ ಮೂರು ತಾಸು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಗಿಡದ ಕೆಳಗೆ ಕುಳಿತಿರುವರು. ಆ ಡಬ್ಬಿಯಿಂದ ಒಂದು ಎಳ್ಳಷ್ಟು ಮೂಗುಬಟ್ಟೂ ಕಳೆದಿಲ್ಲ.

ಗದ್ವಾಲಕ್ಕೆ ಬಂದಾಗ ಅವರಿಗೆ ಐವತ್ತಾರು. ಮೊಣಕಾಲು ನೋಯುತ್ತಿತ್ತು. ಪುಸ್ತಕಗಳು ವರ್ಷ ವರ್ಷ ದಪ್ಪವಾಗುತ್ತಿದ್ದವು, ಮಕ್ಕಳು ವರ್ಷ ವರ್ಷ ಸಣ್ಣಗಾಗುತ್ತಿದ್ದರು. ಬೆಳಗಿನ ತರಗತಿ ಈ ವರ್ಷಕ್ಕೆ ಸಾಕು ಎಂದು ಅವರು ಪ್ರತಿ ಜೂನ್‌ನಲ್ಲಿ ಹೇಳುವರು, ಪ್ರತಿ ಜುಲೈನಲ್ಲಿ ಬಾಗಿಲು ತೆರೆಯುವರು.

"ಬಿಡ್ರಿ ಬಿಡ್ರಿ ಅಂತ ಊರ ಮಕ್ಕಳಿಗೆಲ್ಲಾ ಹೇಳ್ತೀರಿ," ಎಂದರು ಬಸವೇಶ್ವರಿಯವರು. "ನಿಮಗ ಯಾರ್ ಹೇಳಬೇಕು?"

"ನೀನ ಹೇಳಾಕತ್ತೀಯಲ್ಲ," ಎಂದು ಸರ್ ಚಪ್ಪಲಿ ಮೆಟ್ಟಿದರು.

ಹೋದ ವರ್ಷ ನಿಜವಾಗಿಯೂ ಬಿಡುವುದೆಂದು ತೀರ್ಮಾನಿಸಿದ್ದರು. ಆಗಲೇ ನವನೀತಾಳ ಫಲಿತಾಂಶ ಬಂತು.

ನವನೀತಾ ಗದ್ವಾಲದ ನೇಕಾರ ಮಾರ್ಕಂಡೇಯ, ಸತ್ಯಮ್ಮ ಅವರ ಮಗಳು. ಮನೆಯಲ್ಲಿ ಎರಡು ಮಗ್ಗ. ಓದುವ ಮಗಳೆಂದು ತಾಯಿ ಅವಳನ್ನು ಮಗ್ಗದ ಮೇಲೆ ಕೂರಿಸಿರಲಿಲ್ಲ. ಆದರೆ ಏಳನೆಯ ವಯಸ್ಸಿನಿಂದ ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಅವಳದೇ. ಆ ತರಗತಿಯಲ್ಲಿ ಭೌತಶಾಸ್ತ್ರದಲ್ಲಿ ಅವಳಷ್ಟು ಚುರುಕಾದವರು ಬೇರೆ ಇರಲಿಲ್ಲ. ಆದರೆ ಫಲಿತಾಂಶದಲ್ಲಿ ಜೀವಶಾಸ್ತ್ರ ಚೆನ್ನಾಗಿತ್ತು, ರಸಾಯನಶಾಸ್ತ್ರ ಚೆನ್ನಾಗಿತ್ತು, ಭೌತಶಾಸ್ತ್ರದಲ್ಲಿ ಮಾತ್ರ ಪರೀಕ್ಷೆಗೇ ಹೋಗದವರಿಗೆ ಬರುವಷ್ಟು ಅಂಕ.

ಸರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಪರೀಕ್ಷೆ ನಡೆಸುವವರು ಕಳಿಸಿದ್ದ ಅವಳ ಉತ್ತರ ಹಾಳೆಯ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ, ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಕಪ್ಪು ಬೊಟ್ಟನ್ನು ನೋಡುತ್ತಾ ಹೋದರು. ಐದನೆಯ ಪ್ರಶ್ನೆಯವರೆಗೆ ಎಲ್ಲವೂ ಸರಿ. ಆರನೆಯದನ್ನು ಅವಳು ಬಿಟ್ಟಿದ್ದಳು. ಆದರೆ ಹಾಳೆಯಲ್ಲಿ ಆರನೆಯ ಸಾಲು ಖಾಲಿ ಇರಲಿಲ್ಲ. ಏಳನೆಯ ಪ್ರಶ್ನೆಯ ಉತ್ತರ ಅಲ್ಲಿ ಕುಳಿತಿತ್ತು. ಎಂಟನೆಯದು ಏಳರಲ್ಲಿ, ಒಂಬತ್ತನೆಯದು ಎಂಟರಲ್ಲಿ; ಮುಂದೆ ಇನ್ನೆರಡು ಪ್ರಶ್ನೆ ಬಿಟ್ಟಲ್ಲೂ ಉತ್ತರಗಳು ಹೀಗೆಯೇ ಒಂದೊಂದು ಸಾಲು ಮೇಲೆ ಸರಿದು, ನಲವತ್ತೈದರವರೆಗಿನ ಕೊನೆಯ ಮೂರು ಸಾಲು ಖಾಲಿ ಉಳಿದಿದ್ದವು.

ನವನೀತಾಳನ್ನು ಕರೆಸಿ ತೋರಿಸಿದರು. ಅವಳು ಆರನೆಯ ಸಾಲಿನಿಂದ ಕೆಳಗಿನವರೆಗೆ ನೋಡಿದಳು.

"ನೂಲು ಸುತ್ತುವಾಗ ಎಳಿ ಹರೀತೈತಲ್ಲ ಸರ್," ಎಂದಳು. "ಮುಂದಿನ ತುದಿ ಹಿಡಿದು ಗಂಟು ಹಾಕಿ ಹೋಗಬೇಕು. ಜಾಗ ಬಿಡೂ ಹಂಗಿಲ್ಲ. ಟೈಮ್ ಕಡಿಮಿ ಇತ್ತು, ಭೌತಶಾಸ್ತ್ರ ಕಡೀಗಿ ಇಟ್ಕೊಂಡಿದ್ದೆ. ಕೈ ಹಂಗ ಮಾಡೇತಿ."

"ಕಡೀಗಿ ನೋಡಲಿಲ್ಲೇನವ್ವ?"

"ನೋಡಿದೆ. ಬಿಟ್ಟಿದ್ದು ಮೂರು, ಖಾಲಿ ಉಳಿದಿದ್ದೂ ಮೂರು. ಸರಿ ಐತಿ ಅನ್ಕೊಂಡೆ."

ಸರ್ ಅಂದು ಸಂಜೆ ಅವರ ಮನೆಗೆ ಹೋದರು. ಮಾರ್ಕಂಡೇಯ ಲಾಳಿ ನಿಲ್ಲಿಸದೆಯೇ ಮಾತಾಡಿಸಿದ.

"ಬರ್ರಿ ಸರ್, ಕುಂದ್ರಿ. ನೀವು ಬಿಡ್ರಿ ಅಂದ್ರಿ, ನಮ್ಮಾಕಿ ಎಲ್ಲಾ ಬಿಟ್ಟು ಬಂದಾಳ. ಗುರುಗಳ ಮಾತು ಮೀರಾಕಿ ಅಲ್ಲ ನೋಡ್ರಿ."

"ಉತ್ತರ ಎಲ್ಲಾ ಸರಿ ಅದಾವು, ಮಾರ್ಕಂಡೇಯ. ಪಕ್ಕದ ಮನ್ಯಾಗ ಹೋಗಿ ಕುಂತಾವು, ಅಷ್ಟ. ಇನ್ನೊಂದು ವರ್ಷ ಕೊಡು."

"ಮಲ್ದಕಲ್‌ದಾಗ ಒಂದು ಸಂಬಂಧ ಬಂದೈತಿ ಸರ್. ಅವರೂ ಎಷ್ಟು ದಿನ ಕಾಯ್ತಾರ?" ಎಂದ ಮಾರ್ಕಂಡೇಯ. ಆಮೇಲೆ ಲಾಳಿ ನಿಂತಿತು. "ಇನ್ನೊಂದು ಸಲ. ಅದಕ್ಕಿಂತ ಜಾಸ್ತಿ ಕೇಳಬ್ಯಾಡ್ರಿ."

ಪಕ್ಕದ ಮಗ್ಗದಲ್ಲಿ ಸತ್ಯಮ್ಮ ಸೆರಗಿನ ಬುಟ್ಟಾ ಹೂಗಳನ್ನು ನೇಯುತ್ತಿದ್ದಳು. ಅವಳು ಈಗ ತಲೆ ಎತ್ತಿದಳು.

"ನಾ ಒಂದು ಕೇಳ್ಲ್ಯಾ ಸರ್? ಬಿಡಬೇಕು ಅಂತ ಹೇಳೀರಿ. ಹೆಂಗ ಬಿಡಬೇಕು ಅಂತ ಹೇಳೀರೇನು?"

ಸರ್ ಕುಳಿತ ಮಣೆಯನ್ನು ಅವಳ ಮಗ್ಗದ ಕಡೆಗೆ ಎಳೆದುಕೊಂಡರು.

"ಇಲ್ಲಿ ನೋಡ್ರಿ," ಎಂದು ಸತ್ಯಮ್ಮ ಹಾಸಿನ ಉದ್ದ ಎಳೆಗಳ ಮೇಲೆ ಬೆರಳಿಟ್ಟಳು. "ನಾಕು ಎಳಿ ಎತ್ತೀನಿ, ಮೂರು ಬಿಟ್ಟೀನಿ. ಎತ್ತಿದ್ದು ಎಷ್ಟು ಎಣಸ್ತೀನೋ ಬಿಟ್ಟಿದ್ದೂ ಅಷ್ಟ ಎಣಸ್ತೀನಿ, ಬೆರಳು ಮುಟ್ಟಿಸಿ. ಎಣಸಿ ಬಿಟ್ರ ಬುಟ್ಟಾ ಆಗ್ತೈತಿ. ಎಣಸದ ಬಿಟ್ರ ಸೀರಿ ಕೆಡ್ತೈತಿ. ಇಕಿಗಿ ನಾ ಮಗ್ಗ ಕಲಿಸ್ಲಿಲ್ಲ, ನೀವು ಇದು ಕಲಿಸ್ಲಿಲ್ಲ. ಇಬ್ಬರದೂ ತಪ್ಪೈತಿ ತಗೋರಿ."

ಸರ್ ತಲೆದೂಗಿ ಎದ್ದರು. ಜುಲೈನಲ್ಲಿ ಮತ್ತೆ ಬಾಗಿಲು ತೆರೆಯಿತು. ಬಸವೇಶ್ವರಿಯವರು ಚಹಾದ ಥರ್ಮಾಸನ್ನು ದೊಡ್ಡದು ತಂದರು. ಆ ವರ್ಷದುದ್ದಕ್ಕೂ ಅಭ್ಯಾಸದ ಹಾಳೆ ತುಂಬುವಾಗ ಇಡೀ ತರಗತಿ ಪ್ರತಿ ಪ್ರಶ್ನೆಯ ಅಂಕಿಯನ್ನು ಬಾಯೊಳಗೆ ಹೇಳಿಕೊಳ್ಳಬೇಕಾಗಿತ್ತು. ಪ್ರಶ್ನೆ ಬಿಟ್ಟರೆ ಅದರ ಸಾಲಿನ ಮೇಲೆ ಬೆರಳಿಟ್ಟು, ಅಂಕಿ ಹೇಳಿ, ಆಮೇಲೆ ಮುಂದೆ ಹೋಗಬೇಕಾಗಿತ್ತು. ಆ ಗುಣುಗುಣು ಕೇಳಿ ಕೋಟೆಯ ಪಾರಿವಾಳಗಳಿಗೂ ನಲವತ್ತೈದರವರೆಗೆ ಎಣಿಸಲು ಬಂತೆಂದು ಕುರುಮಯ್ಯ ಹೇಳುತ್ತಾನೆ. ಈಗ ಅವನೂ ಗದ್ವಾಲದ ಕಾಲೇಜಿನಲ್ಲೇ ಇದ್ದಾನೆ. ಸರ್ ಹೋದಲ್ಲೆಲ್ಲ ತನ್ನನ್ನೂ ಸರ್ಕಾರವೇ ಕೈಮುಗಿದು ವರ್ಗಮಾಡಿತೆಂದು ಅವನ ಹೇಳಿಕೆ.

ಸರ್ ದಣಿದಿದ್ದರು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಬೋರ್ಡಿನ ಮೇಲೆ ಸೂತ್ರ ಬರೆಯುತ್ತಾ ನಿಂತಲ್ಲೇ ತೂಕಡಿಸಿದರು. ಸೀಮೆಸುಣ್ಣ ಬೋರ್ಡಿಗೆ ಒತ್ತಿಕೊಂಡೇ ಇತ್ತು, ಗೆರೆ ಕೆಳಗಿನವರೆಗೆ ಇಳಿದಿತ್ತು. ನವನೀತಾ ಎದ್ದು ಬಂದು, ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಆ ಸೂತ್ರವನ್ನು ಮುಗಿಸಿದಳು. ಕಣ್ಣು ಬಿಟ್ಟ ಸರ್ ಅದನ್ನು ಓದಿ ನೋಡಿ, ಸರಿಯಿದೆಯೆಂದು ಮುಂದಿನ ಲೆಕ್ಕಕ್ಕೆ ಹೋದರು.

ಮೇ ತಿಂಗಳ ಆ ಭಾನುವಾರ ಮಹಬೂಬನಗರದ ಪರೀಕ್ಷಾ ಕೇಂದ್ರದ ಮುಂದೆ ನವನೀತಾಳ ಮೂಗುಬಟ್ಟು ಡಬ್ಬಿಗೆ ಹೋಯಿತು. ಸಂಜೆ ಐದಕ್ಕೆ ಗೇಟು ತೆರೆದಾಗ ಮಾರ್ಕಂಡೇಯ ಸತ್ಯಮ್ಮನ ಜೊತೆ ದೂರದಲ್ಲೇ ನಿಂತ. ಹತ್ತಿರ ಬರಲು ಅವನಿಗೆ ಧೈರ್ಯವಿರಲಿಲ್ಲ. ನವನೀತಾ ನೇರ ಬೇವಿನ ಗಿಡದ ಕೆಳಗೆ ಬಂದಳು. ಸರ್ ಹೇಗಾಯಿತೆಂದು ಕೇಳಲಿಲ್ಲ. ತಮ್ಮ ಬಿಟ್ಟ ಪುಸ್ತಕ ತೆರೆದು ಪೆನ್ನು ಹಿಡಿದರು.

"ಒಂಬತ್ತು, ಹದಿನೇಳು, ನಲವತ್ತು," ಎಂದಳು. "ಮೂರೂ ಬೆರಳಿಟ್ಟು ಎಣಸಿ ಬಿಟ್ಟೀನಿ ಸರ್."

ಸರ್ ಬರೆದುಕೊಂಡರು. ಮೂಗುಬಟ್ಟನ್ನು ಅವಳ ಅಂಗೈಯಲ್ಲಿಟ್ಟು, ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. ಜೂನ್‌ನಲ್ಲಿ ಅಂಕ ಬಂದವು, ಮಳೆಗಾಲದ ಕೊನೆಗೆ ಸೀಟೂ ಬಂತು. ಮಲ್ದಕಲ್‌ನ ಸಂಬಂಧದವರಿಗೆ ಇನ್ನು ಕಾಯಬೇಡಿರೆಂದು ಮಾರ್ಕಂಡೇಯನೇ ಹೇಳಿ ಕಳಿಸಿದ. ನವನೀತಾ ಈಗ ನಾರಾಯಣಪೇಟೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಮನುಷ್ಯನ ಎಲುಬುಗಳನ್ನೂ ಬೆರಳಿಟ್ಟೇ ಎಣಿಸುತ್ತಾಳಂತೆ.

ನಿವೃತ್ತಿಯ ದಿನ ಮನೆಗೆ ಬಂದ ಸರ್, ಹಾರ ತೆಗೆದಿಟ್ಟು, ತಮ್ಮ ಬಿಟ್ಟ ಪುಸ್ತಕದ ಕೊನೆಯ ಹಾಳೆಯಲ್ಲಿ ಏನನ್ನೋ ಬರೆದು ಬಸವೇಶ್ವರಿಯವರ ಮುಂದೆ ಇಟ್ಟರು. ಹೆಂಡತಿಯ ಜೊತೆ ಕುಳಿತು ಕುಡಿಯಬೇಕಾಗಿದ್ದ ಬೆಳಗಿನ ಚಹಾಗಳು ಎಂದು ಮೇಲೆ ಬರೆದಿತ್ತು. ಕೆಳಗೆ ಮೂವತ್ತೆರಡು ವರ್ಷಕ್ಕೆ ಗುಣಿಸಿದ ಒಂದು ದೊಡ್ಡ ಅಂಕಿ. ಬಸವೇಶ್ವರಿಯವರು ಕನ್ನಡಕ ಹಾಕಿಕೊಂಡು ಓದಿದರು.

"ಎಣಿಕಿ ತಪ್ಪೈತಿ," ಎಂದರು. "ಆಯ್ತವಾರಗಳ್ನ ಹಿಡದಿಲ್ಲ ನೀವು. ಆಯ್ತವಾರನೂ ನೀವು ಮನ್ಯಾಗ ಇರ್ಲಿಲ್ಲ."

ಸರ್ ಪೆನ್ನು ತೆಗೆದು, ಭಾನುವಾರಗಳನ್ನೂ ಸೇರಿಸಿ ತಿದ್ದಿದರು.

ಶರಣಬಸವ ಸರ್ ಅವರಿಗೂ ಬಸವೇಶ್ವರಿಯಮ್ಮನವರಿಗೂ ನೂರು ತುಂಬಲಿ. ಸಾಲದಿದ್ದರೆ ಮೇಲಿನದನ್ನು ಕುರುಮಯ್ಯ ತನ್ನ ಲೆಕ್ಕದಿಂದ ಸೇರಿಸುತ್ತಾನೆ. ಅವರ ಕೆಲಸ ಮುಗಿದಿದೆಯೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಈ ಜುಲೈನಲ್ಲಿಯೂ ಅವರ ಮನೆಯ ಕಟ್ಟೆಯ ಮೇಲೆ ಹನ್ನೊಂದು ಮಕ್ಕಳು ಪುಸ್ತಕ ಹಿಡಿದು ಕುಳಿತಿದ್ದರು. ಪಾಠ ನಡೆಯಲಿ. ಆದರೆ ಒಳಗೆ ಎರಡು ಲೋಟ ಚಹಾ ಕಾಯುತ್ತಿದೆ. ತಿದ್ದಿದ ಆ ದೊಡ್ಡ ಅಂಕಿಯಲ್ಲಿ ದಿನಕ್ಕೊಂದರಂತೆ ಕಳೆಯಬೇಕಾಗಿದೆ. ಆದ್ದರಿಂದ ಆ ಬಾಗಿಲು ತಟ್ಟುವವರು ಇನ್ನು ಆರಕ್ಕಲ್ಲ, ಏಳು ಗಂಟೆಯ ಮೇಲೆ ತಟ್ಟಲಿ.