ಮದ್ದಲ್ಲ, ಗುಳಗಿ

ಸಿರುಗುಪ್ಪದ ಆ ಮನೆಯ ಹಿತ್ತಲಿಗೆ ನಾನು ಕಾಲಿಟ್ಟಾಗ ಚಿಗವ್ವ ಸಂಡಾಸದ ಒಳಗಿದ್ದಳು. ಅವಳ ಭಾವ, ಗಂಡನ ಅಣ್ಣ, ಹೊರಗೆ ನಿಂತು ತಗಡಿನ ಬಾಗಿಲಿಗೆ ಒದೆಯುತ್ತಿದ್ದ. ಒದ್ದಾಗೊಮ್ಮೆ ತಗಡು ಒಳಕ್ಕೆ ಬಾಗಿ ಮತ್ತೆ ಸೆಟೆದುಕೊಳ್ಳುತ್ತಿತ್ತು.

"ಹೊರಗ ಬಾ ಲೇ. ಮುಂಜಾನಿಂದ ಅಲ್ಲೇ ಕುಂತೀಯಲ್ಲ, ಅದನ್ನೇ ತೌರುಮನಿ ಮಾಡ್ಕೊಂಡೀಯೇನು?"

ಒಳಗಿನಿಂದ ಬಂದದ್ದು ನೀರು ಸುರಿದಂಥ ಸದ್ದು ಮಾತ್ರ. ಅದು ನೀರಲ್ಲ ಎಂದು ತಿಳಿಯುವಷ್ಟು ಹತ್ತಿರ ನಾನು ನಿಂತಿದ್ದೆ.

ಇನ್ನೊಂದು ಒದೆತಕ್ಕೆ ಚಿಲಕ ಕಿತ್ತು ಬಾಗಿಲು ಒಳಕ್ಕೆ ಬಿತ್ತು. ಅದರ ಅಂಚು ಅವಳ ಹಣೆಗೆ ಬಡಿಯಿತು. ಅವಳು ಕೂತಲ್ಲೇ ಮೊದಲು ಸೀರೆಯನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಹಣೆಯ ರಕ್ತಕ್ಕೆ ಕೈ ಹೋದದ್ದು ಆಮೇಲೆ. ನಾನು ದುಪಟ್ಟಾ ತೆಗೆದು ಅಡ್ಡ ಹಿಡಿದೆ. ಅದರ ಆಚೆ ನಿಂತು ಅವನು ಇನ್ನೂ ಬೈಯುತ್ತಿದ್ದ.

ಚಿಗವ್ವ ನನ್ನ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದವಳು, ನನ್ನನ್ನು ಸಾಲೆಗೆ ಕಳಿಸಿದವಳು ಅವಳೇ. ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು. ಗಂಡ ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನು ಒಣಗಿ ಒಣಗಿ ಸತ್ತ. ಮನೆಯವರು ಕಾಮಾಲೆ ಅಂದರು, ಊರೂ ಕಾಮಾಲೆ ಅಂದಿತು. ಅವನಿಗಿದ್ದದ್ದು ಎಚ್‌ಐವಿ ಎಂದು ಅವನನ್ನು ಬಿಟ್ಟರೆ ಗೊತ್ತಿದ್ದದ್ದು ಚಿಗವ್ವನಿಗೆ ಮಾತ್ರ. ಅದು ತನಗೂ ಬಂದಿದೆ ಎಂದು ತಿಳಿದ ದಿನ ಅವಳ ಪಕ್ಕದಲ್ಲಿ ನಾನಿದ್ದೆ. ಅವತ್ತಿನಿಂದ ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದು ಗಾಂಧಿನಗರದ ನನ್ನ ಬಾಡಿಗೆ ಕೋಣೆಯಲ್ಲಿ ಊಟ ಮಾಡಿ, ದೊಡ್ಡಾಸ್ಪತ್ರೆಯಿಂದ ಗುಳಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ "ಅಕ್ಕನ ಮಗಳನ್ನ ನೋಡಾಕ" ಎಂದು ಹೇಳಿ ಬರುತ್ತಿದ್ದಳು. ಅದು ಸುಳ್ಳೇನಲ್ಲ. ಗುಳಿಗೆ ನುಂಗುತ್ತಿರುವಷ್ಟು ಕಾಲ ಅವಳು ಚೆನ್ನಾಗಿಯೇ ಇದ್ದಳು. ನನಗಿಂತ ಹೆಚ್ಚು ಉಣ್ಣುತ್ತಿದ್ದಳು.

ಆಮೇಲೆ ಬರುವುದು ನಿಂತಿತು. ಕೇಳಿದರೆ, "ಇಲ್ಲೇ ಊರಾಗ ಕೊಡಾಕತ್ತಾರವ್ವ" ಅಂದಳು. ನಿಜ ಗೊತ್ತಾದದ್ದು ಅವತ್ತು, ಆ ಹಿತ್ತಲಲ್ಲಿ ಅವಳ ಹಣೆ ತೊಳೆಯುವಾಗ. ಎಲ್ಲ ಒಂದು ಶಬ್ದದಿಂದ ಆದದ್ದು.

ನಮ್ಮದು ರೂಪನಗುಡಿ ಕಡೆ. ಮನೆಯಲ್ಲಿ ಅರ್ಧ ತೆಲುಗು. ನೆಗಡಿಗೆ, ಜ್ವರಕ್ಕೆ ಏನು ನುಂಗಿದರೂ ನಾವು ಮಂದು ಅನ್ನುತ್ತೇವೆ, ಕನ್ನಡದವರ ಎದುರಿಗೆ ಅದನ್ನೇ ಮದ್ದು ಮಾಡುತ್ತೇವೆ. ಅವಳು ಸೇರಿದ ಮನೆಯಲ್ಲಿ ದವಾಖಾನೆಯಿಂದ ಬಂದದ್ದು ಗುಳಗಿ ಅಥವಾ ಔಷಧ. ಮದ್ದು ಅಂದರೆ ಅಲ್ಲಿ ಒಂದೇ ಅರ್ಥ: ಯಾರಿಗೂ ತಿಳಿಯದ ಹಾಗೆ ಅನ್ನದಲ್ಲಿ ಕಲಸಿ ಹಾಕುವಂಥದ್ದು. ತಿಂದವರು ಹಾಕಿದವರ ಮಾತು ಕೇಳಿಕೊಂಡು ಬಿದ್ದಿರುತ್ತಾರೆ, ಇಲ್ಲವೆ ಒಣಗಿ ಸಾಯುತ್ತಾರೆ ಎಂದು ನಂಬಿಕೆ. ಅವಳ ಅತ್ತೆ ಅಕ್ಕಿ ಡಬ್ಬಿಗೆ ಕೈಹಾಕಿದಾಗ ಬಟ್ಟೆಗಂಟು ಸಿಕ್ಕಿತಂತೆ. ಬಾಟಲಿಯಿಂದ ಬಿಡಿಸಿ ಕಟ್ಟಿಟ್ಟ ಗುಳಿಗೆಗಳು.

"ಏನಿದು?"

ಹೆದರಿದ ಬಾಯಿಗೆ ತೌರಿನ ಮಾತೇ ಬಂದಿತ್ತು. "ಮದ್ದು" ಅಂದಿದ್ದಳು.

"ಯಾರಿಗೆ ಹಾಕಾಕ?"

ಅದಕ್ಕೆ ಉತ್ತರ ಕೊಡಬೇಕೆಂದರೆ ಕಾಯಿಲೆಯ ಹೆಸರು ಹೇಳಬೇಕು. ಅವಳು ಸುಮ್ಮನಾದಳು. ಸುಮ್ಮನಿದ್ದದ್ದೇ ಗಂಡನಿಗೆ ಹಾಕಿದ್ದನ್ನು ಒಪ್ಪಿಕೊಂಡಂತಾಯಿತು. ಭಾವ ಅವಳ ಕೂದಲು ಹಿಡಿದು ಕಾಲುವೆಯ ತನಕ ಎಳೆದುಕೊಂಡು ಹೋಗಿ, ಅವಳ ಕಣ್ಣೆದುರೇ ಗಂಟು ಬಿಚ್ಚಿ ನೀರಿಗೆ ಸುರಿದ. ಸತ್ತ ತಮ್ಮನ ಹೆಸರು ಕೂಗಿ ಅಲ್ಲೇ ಕೂತು ಅತ್ತನಂತೆ. ಅದನ್ನೂ ಚಿಗವ್ವನೇ ಹೇಳಿದಳು. "ಅಳೋದು ನೋಡಿ ನನಗೇ ಕೆಟ್ಟ ಅನಿಸ್ತು ನೋಡು" ಅಂದಳು.

ಅವತ್ತಿನಿಂದ ಅವಳನ್ನು ಬಳ್ಳಾರಿಗೆ ಕಳಿಸಲಿಲ್ಲ. ಗುಳಿಗೆ ನಿಂತು ಕೆಲವು ತಿಂಗಳಿಗೆ ಭೇದಿ ಶುರುವಾಯಿತು. ನಿಲ್ಲಲಿಲ್ಲ. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈವರೆಗೆ ಜಾರತೊಡಗಿದವು. ಭಾವನಿಗೆ ಈಗ ಸಂಶಯವೇ ಉಳಿಯಲಿಲ್ಲ. ತಮ್ಮನಿಗೆ ಹಾಕಿದ ಮದ್ದು ಇವಳಿಗೇ ತಿರುಗಿದೆ.

"ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ ದೊಡ್ಡಪ್ಪ" ಎಂದು ಭಾವನಿಗೆ ಹೇಳಿದೆ.

"ನಿಮ್ಮ ದವಾಖಾನಿಯಾಗ ಮದ್ದು ತೆಗಿತಾರೇನು? ಕಾಲೇಜ್ ಮೇಡಂ, ಪಾಠ ಕಾಲೇಜಿನಾಗ ಹೇಳ್ರಿ. ನಾಳಿ ಕುರುಗೋಡಿಗೆ ಹೊಂಟೀವಿ. ನಾಲ್ಕು ಮಂದಿ ಮುಂದ ಕಕ್ಕಲಿ. ನನ್ನ ತಮ್ಮನ್ನ ನುಂಗಿದ್ದು ಏನಂತ ನಾನೂ ನೋಡ್ತೀನಿ."

ಅವಳ ಕೈ ಹಿಡಿದು ಬಾಗಿಲತ್ತ ನಡೆದೆ. ಅವನು ನಡುವೆ ಬಂದು ನನ್ನ ಬ್ಯಾಗು ಕಿತ್ತು ಅಂಗಳಕ್ಕೆ ಎಸೆದ. ಫೋನು ಬ್ಯಾಗಿನಿಂದ ಹೊರಗೆ ಹಾರಿ, ಕಟ್ಟಿದ್ದ ಎಮ್ಮೆ ಕರುವಿನ ಕಾಲ ಬಳಿ ಬಿತ್ತು. ಕರುವಿಗೂ ಭೇದಿ ಹತ್ತಿತ್ತು. ಹಳದಿ ನೀರಿನ ನಡುವಿನಿಂದ ಚಿಗವ್ವ ಫೋನು ಎತ್ತಿ ತನ್ನ ಸೆರಗಿನಲ್ಲಿ ಒರೆಸಿ ಕೊಟ್ಟಳು. ಆ ಮನೆಯಲ್ಲಿ ಕರುವಿನದನ್ನೂ ಬಳಿಯುವವಳು ಅವಳೇ.

ನಾನು ಅಲ್ಲೇ ಉಳಿದೆ. ಕುಡಿಯಲು ಕೊಟ್ಟದ್ದು ಕಾಲುವೆ ನೀರು, ಪಟಕದ ಕಲ್ಲು, ಆಲಂ, ತಿಕ್ಕಿ ತಿಳಿ ಮಾಡಿದ್ದು. ಕನ್ನಡಿಯ ಹಾಗೆ ಕಾಣುತ್ತಿತ್ತು. ಅತ್ತೆ ಚಿಗವ್ವನಿಗೆ ಅದನ್ನೇ ಲೋಟ ತುಂಬಿ ಕೊಡುತ್ತಿದ್ದಳು. "ನೀರು ಕುಡಿ, ನೀರಾದ್ರೂ ನಿಲ್ಲಲಿ" ಅನ್ನುತ್ತಿದ್ದಳು. ಅವಳಲ್ಲಿ ದ್ವೇಷ ಇರಲಿಲ್ಲ. ಹೆದರಿಕೆ ಇತ್ತು.

ಮರುದಿನ ಬಾಡಿಗೆ ಟಂಟಂ ಆಟೋದಲ್ಲಿ ಹೊರಟೆವು. ಭಾವ ಮುಂದೆ ಕೂತ. ಹಿಂದೆ ಅತ್ತೆ, ಚಿಗವ್ವ, ನಾನು. ಚಿಗವ್ವನ ಕೆಳಗೆ ಗೋಣಿಚೀಲ ಹಾಸಿದ್ದರು. ಎಂಜಿನ್ನಿನ ಗದ್ದಲದಲ್ಲಿ ಅವಳ ಕಿವಿಗೆ ಬಾಯಿಟ್ಟು ಹೇಳಿದೆ: "ನಾನು ಹೇಳಿಬಿಡ್ತೀನಿ. ಏನಾದ್ರೂ ಆಗಲಿ."

ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಬಾಯಿ ಬಿಟ್ಟರ ನನ್ನ ಹೆಣದ ಮುಖಾ ನೋಡ್ತಿ."

"ಬಿಡದಿದ್ರೂ ಅದನ್ನೇ ನೋಡ್ತೀನಲ್ಲ ಚಿಗವ್ವ."

"ಹೆಂಗಾರ ನೋಡೋದೈತಿ ಅಂದ್ರ ಬಾಯಿ ಮುಚ್ಕೊಂಡು ನೋಡು." ನಗಲು ಹೋಗಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಗೋಣಿ ಮತ್ತೆ ಒದ್ದೆಯಾಯಿತು. ಟಂಟಂನವನು ಮೂಗು ಮುಚ್ಚಿ ತಿರುಗಿ ನೋಡಿದ. ಭಾವ, "ಮುಂದ ನೋಡ್ಕೊಂಡು ಹೊಡಿ" ಎಂದು ಅವನ ಬೆನ್ನಿಗೆ ಗುದ್ದಿದ.

ಮದ್ದು ತೆಗೆಯುವವನ ಮನೆ ಕುರುಗೋಡು ದಾಟಿ ಹೊಲಗಳ ನಡುವೆ ಇತ್ತು. ಬೇವಿನ ಮರ, ಅದರ ಬುಡಕ್ಕೆ ಒಂದು ಚಪ್ಪಡಿ ಕಲ್ಲು. ಅವನಿಗೆ ವಯಸ್ಸಾಗಿತ್ತು. ಸೊಪ್ಪಿನ ರಸವನ್ನು ಉಪ್ಪುನೀರಿನಲ್ಲಿ ಕದಡಿ ಹಿತ್ತಾಳೆ ಚೊಂಬು ತುಂಬ ಕುಡಿಸುತ್ತಾನೆ. ಹೊಟ್ಟೆಯಲ್ಲಿದ್ದದ್ದೆಲ್ಲ ಬಂದಮೇಲೆ ಅದರಲ್ಲಿ ಕಡ್ಡಿಯಾಡಿಸಿ ಕಪ್ಪಗಿನ ಏನನ್ನೋ ಎತ್ತಿ ತೋರಿಸುತ್ತಾನೆ. ಸರದಿಯಲ್ಲಿ ಕೂತವರು ಎದ್ದು ಬಂದು ನೋಡುತ್ತಾರೆ.

ಮೊದಲ ಚೊಂಬನ್ನು ಚಿಗವ್ವ ತಾನಾಗಿಯೇ ಕುಡಿದಳು. ಬಂದದ್ದು ಹಸಿರು ನೀರು ಮಾತ್ರ. ಅವನು ಕಡ್ಡಿಯಾಡಿಸಿ ತಲೆಯಾಡಿಸಿದ. "ಗಟ್ಟಿ ಕುಂತೈತಿ. ಇನ್ನೊಂದು."

ಎರಡನೆಯದಕ್ಕೆ ಅವಳು ಹಲ್ಲು ಕಚ್ಚಿದಳು. ಭಾವ ಹಿಂದಿನಿಂದ ಬಂದು ಎರಡೂ ತೋಳು ತಿರುವಿ ಹಿಡಿದ. ಅತ್ತೆ ಮೂಗು ಒತ್ತಿದಳು. ಮುದುಕ ದವಡೆಗೆ ಬೆರಳು ಹಾಕಿ ಬಾಯಿ ತೆರೆಸಿ ಸುರಿದ. ಅರ್ಧ ಒಳಗೆ ಹೋಯಿತು, ಅರ್ಧ ಮೂಗಿನಲ್ಲಿ ಬಂತು. ಅವಳ ಕಾಲು ಕಲ್ಲಿನ ಮೇಲೆ ಬಡಿದುಕೊಂಡವು, ಹಿಮ್ಮಡಿಯ ಚರ್ಮ ಸುಲಿಯಿತು. ಕೆಳಗಿನಿಂದಲೂ ಹರಿಯುತ್ತಿತ್ತು. ಕಣ್ಣಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಮಾತ್ರ ಕಂಡಿತು.

"ಬಿಡ್ರಿ, ಸಾಯ್ತಾಳ!" ಎಂದು ಕೂಗಿದೆ.

"ಮದ್ದು ಒದ್ದಾಡ್ತೈತಿ, ಅಕಿ ಅಲ್ಲ" ಅಂದ ಮುದುಕ. ಮತ್ತೆ ಚೊಂಬು ಎತ್ತಿದ.

ಅದನ್ನು ಕಿತ್ತುಕೊಂಡೆ. ಅದೇ ಚೊಂಬಿನಿಂದ ಭಾವನ ಮುಂಗೈಗೆ ಹೊಡೆದೆ. ಎಲುಬಿಗೆ ತಾಗಿದ ಸದ್ದು ಕೇಳಿತು. ನಾನು ಅದಕ್ಕೂ ಮುಂಚೆ ಯಾರಿಗೂ ಹೊಡೆದವಳಲ್ಲ. ಮತ್ತೊಮ್ಮೆ ಎತ್ತಿದೆ. ಅವನು ಒಂದು ಕೈಯ ಹಿಡಿತ ಬಿಟ್ಟು ನನ್ನ ಮುಖಕ್ಕೆ ಬಾರಿಸಿದ. ಕನ್ನಡಕ ಒಡೆದು ಒಂದು ಚೂರು ಹುಬ್ಬಿಗೆ ನಾಟಿತು. ಬಿದ್ದಲ್ಲಿಂದ ನನಗೆ ಎಲ್ಲ ಮಸುಕಾಗಿ ಕಾಣುತ್ತಿತ್ತು. ಅವನು ಮತ್ತೆ ಅವಳ ತೋಳು ತಿರುವುತ್ತಿದ್ದ. ಆಣೆಯೂ ಬೇಡ, ಏನೂ ಬೇಡ ಎಂದು ಬಾಯಿ ತೆರೆದೆ. ಆದರೆ ಮಾತು ಬಂದದ್ದು ನನ್ನ ಬಾಯಿಂದಲ್ಲ.

"ಮದ್ದಲ್ಲ ಭಾವ" ಅಂದಳು ಚಿಗವ್ವ. ದನಿ ಒಡೆದಿತ್ತು. "ಗುಳಗಿ. ನಿಮ್ಮ ತಮ್ಮಗ ಇದ್ದ ಜಡ್ಡಿನ ಗುಳಗಿ. ನನಗೂ ಅದೇ ಐತಿ. ಏಡ್ಸ್."

ಅವಳನ್ನು ಹಿಡಿದಿದ್ದ ಕೈಗಳೆಲ್ಲ ಒಮ್ಮೆಗೇ ಬಿಟ್ಟವು. ಹಿಡಿತದ ಬಲದಲ್ಲೇ ಕೂತಿದ್ದವಳು ಮುಖ ಕೆಳಗಾಗಿ ಕಲ್ಲಿಗೆ ಬಿದ್ದಳು. ಮುಂದಿನ ಹಲ್ಲು ಮುರಿಯಿತು. ರಕ್ತ ಕಂಡದ್ದೇ ತಡ, ಸರದಿಯಲ್ಲಿದ್ದವರು ಚಪ್ಪಲಿ ಬಿಟ್ಟು ಹಿಂದಕ್ಕೆ ಓಡಿದರು. ಮುದುಕ ಚೊಂಬನ್ನು ಕಾಲಿನಿಂದ ದೂರ ಒದ್ದ. "ಎತ್ತಿಕೊಂಡು ಹೋಗ್ರಿ, ಇಲ್ಲಿ ಇಡಬ್ಯಾಡ್ರಿ" ಎಂದು ಕೂಗಿದ. ಯಾರಿಗೆ ಹೇಳಿದನೋ, ಎತ್ತುವವರು ಯಾರೂ ಇರಲಿಲ್ಲ.

ಭಾವ ತೊಟ್ಟಿಗೆ ಹೋಗಿ ಮಣ್ಣು ಹಚ್ಚಿ ಕೈ ತಿಕ್ಕಿಕೊಂಡ. ತೊಳೆದ, ಮತ್ತೆ ತಿಕ್ಕಿಕೊಂಡ. ಆಮೇಲೆ ತಿರುಗಿ ಬಂದ. "ಸತ್ತವನ ಹೆಸರು ಕೆಡಸ್ತಿ?" ಎಂದು ಕೈಯೆತ್ತಿದ. ಕೈ ಅವಳ ಬೆನ್ನಿನ ತನಕ ಬಂದು ನಿಂತಿತು. ಮುಟ್ಟಲಾರದೆ ಬೇಲಿಯ ಜಾಲಿ ಕೋಲು ಎಳೆದ. ಅದರಿಂದ ಹೊಡೆದ. ಮುಳ್ಳು ರವಿಕೆ ಹರಿದು ಒಳಗೆ ಇಳಿದವು. ನಾನು ತೆವಳಿ ಹೋಗಿ ಅವಳ ಮೇಲೆ ಅಡ್ಡ ಬಿದ್ದೆ. ಮುಂದಿನ ಏಟುಗಳು ನನ್ನ ಹೆಗಲಿಗೆ ಬಿದ್ದವು.

ಆಗ ಅತ್ತೆ ಕೇಳಿದಳು. ಕೂಗಲಿಲ್ಲ, ಅಡುಗೆಮನೆಯಲ್ಲಿ ಕೇಳಿದ ಹಾಗೆ ಕೇಳಿದಳು. "ನನ್ನ ಮಗ ಈ ಗುಳಗಿ ತಗೊಂತಿದ್ನೇನು?"

"ಒಲ್ಲೆ ಅಂದ ಅತ್ತಿ. ನನಗೇನೂ ಆಗಿಲ್ಲ ಅಂತ ಬಿಸಾಕಿದ."

"ತಗೊಂಡಿದ್ರ?"

ಅತ್ತೆ ಎದ್ದು ಬಂದು ಮಗನ ಕೈಯಲ್ಲಿದ್ದ ಕೋಲಿನ ಇನ್ನೊಂದು ತುದಿ ಹಿಡಿದಳು. ಮುಳ್ಳು ಅಂಗೈಗೆ ಚುಚ್ಚಿದರೂ ಬಿಡಲಿಲ್ಲ. ಕೊನೆಗೆ ಅವನೇ ಕೋಲು ಬಿಟ್ಟು, ಟಂಟಂ ಹತ್ತಿ, ತಾಯಿಯನ್ನೂ ಬಿಟ್ಟು ಹೋದ.

ಆಂಬುಲೆನ್ಸ್ ಬರುವವರೆಗೆ ನಾವು ಮೂವರೂ ಆ ಮರದ ಕೆಳಗಿದ್ದೆವು. ಅತ್ತೆ ಚಿಗವ್ವನನ್ನು ಮುಟ್ಟಲಿಲ್ಲ. ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಸಲೈನಿಗೆ ನರ ಸಿಗದೆ ಎರಡೂ ಕೈ ಚುಚ್ಚಿ ಕಡೆಗೆ ಕುತ್ತಿಗೆಗೆ ಸೂಜಿ ಹಾಕಿದರು. ಮಲ ಪರೀಕ್ಷೆಗೆ ಕಳಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ವಾರ್ಡಿನ ಡಾಕ್ಟರಮ್ಮ ಬೇರೆ ಬಣ್ಣ ಹಾಕಿ ನೋಡಿ ಎಂದು ಬರೆದು ಮತ್ತೆ ಕಳಿಸಿದ ಮೇಲೆ ಸಿಕ್ಕಿತು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಕರುಳಿನ ಗೋಡೆಯಲ್ಲಿ ಬೆಳೆಯುತ್ತದೆ.

"ಮನ್ಯಾಗ ಸಣ್ಣ ಕರ ಐತೇನ್ರಿ?" ಎಂದು ಕೇಳಿದರು.

ಚಿಗವ್ವ ತಲೆಯಾಡಿಸಿದಳು. "ಅದಕ್ಕೂ ಹಿಂಗೇ ಆಗಾಕತ್ತಿತ್ರಿ ಡಾಕ್ಟ್ರ."

ಕರುವಿನಿಂದ ಬಂದಿರಬಹುದು, ನೀರಿನಿಂದಲೂ ಬಂದಿರಬಹುದು ಅಂದರು. ಪಟಕಕ್ಕೆ ಇದು ಬಗ್ಗುವುದಿಲ್ಲ, ಕ್ಲೋರಿನ್ನಿಗೂ ಸಾಯುವುದಿಲ್ಲ. ನೀರು ಕುದಿಸಲೇಬೇಕು. ಗಟ್ಟಿ ಇರುವವರಿಗೆ ಬಂದರೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಎಚ್‌ಐವಿ ಇದ್ದು ಗುಳಿಗೆ ಬಿಟ್ಟವರ ಮೈಯಲ್ಲಿ ಅದನ್ನು ಹೊರಗೆ ಹಾಕುವ ಶಕ್ತಿ ಉಳಿದಿರುವುದಿಲ್ಲ. "ಇದನ್ನ ಕೊಲ್ಲಾಕ ನಂಬುವಂಥಾ ಔಷಧ ನಮ್ಮ ಹತ್ರ ಇಲ್ಲ. ಎಚ್‌ಐವಿ ಗುಳಗಿ ತಗೊಂಡು ಇವರ ಮೈಯೇ ಗಟ್ಟಿ ಆಗಬೇಕು. ಅದೇ ಇದನ್ನ ತೆಗಿಬೇಕು. ಮತ್ತ ಬಿಟ್ರ ನಾನೂ ಏನೂ ಮಾಡಾಕಾಗಲ್ಲ" ಅಂದರು.

ಅಂದರೆ ಎಲ್ಲ ನಿಂತಿದ್ದದ್ದು ಗುಳಿಗೆಯ ಮೇಲೆ. ಅದನ್ನೇ ಅವಳು ನುಂಗಲಿಲ್ಲ.

ಬೇಡವೆಂದಲ್ಲ. ವಾರ್ಡಿನಿಂದ ನನ್ನ ಕೋಣೆಗೆ ಬಂದ ಮೇಲೂ ಅಷ್ಟೇ. ಲೋಟ ಬಾಯಿಯ ಹತ್ತಿರ ಹೋದೊಡನೆ ದವಡೆ ಬೀಗ ಹಾಕಿದಂತೆ ಕಚ್ಚಿಕೊಳ್ಳುತ್ತಿತ್ತು. "ತೆರಿ ಚಿಗವ್ವ" ಅಂದರೆ ಕುತ್ತಿಗೆಯ ನರ ಉಬ್ಬುತ್ತಿದ್ದವು, ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ಅವಳ ತಲೆಯ ಹಿಂದೆ ಆಸರೆಗೆ ಕೈ ಇಟ್ಟೆ. ಅವಳು ಲೋಟಕ್ಕೆ ಹೊಡೆದಳು, ನನ್ನ ಎದೆಗೆ ಒದ್ದಳು, ಗುಳಿಗೆ ಹಿಡಿದಿದ್ದ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿದಳು. ಕಚ್ಚಿದ ಮೇಲೆ ಯಾರು ಎಂದು ಗೊತ್ತಾಗಿ ಅಳತೊಡಗಿದಳು.

"ನಾ ಏನ್ ಮಾಡ್ಲಿ ಹೇಳು ಮಗಳ. ಅದು ನನ್ನ ಮಾತು ಕೇಳವಲ್ದು."

ಸಿಟ್ಟು ಬಂದಿತ್ತು. ಬಾಯಿ ಬಿಡಿಸಿ ಹಾಕಿಬಿಡಬೇಕು ಅನ್ನಿಸಿದ್ದೂ ನಿಜ. ಅವಳ ದವಡೆಯನ್ನು ನೋಡಿದೆ. ಮುದುಕನ ಬೆರಳಿನ ಕಲೆ ಅಲ್ಲಿ ಇನ್ನೂ ಹಳದಿಯಾಗಿ ಇತ್ತು. ಗುಳಿಗೆಯನ್ನು ತಟ್ಟೆಯಲ್ಲಿಟ್ಟು, ಕುದಿಸಿ ಆರಿಸಿದ ನೀರನ್ನು ಪಕ್ಕದಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತೆ.

ಹೊರಗೆ ಬೀದಿಯಲ್ಲಿ ತರಕಾರಿ ಗಾಡಿ ಕೂಗುತ್ತ ಹೋಯಿತು. ಆಮೇಲೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು, ಗಂಟಲಿನ ಸದ್ದು, ಕೆಮ್ಮು. ತಿರುಗಲಿಲ್ಲ.

"ಹೋತು" ಅಂದಳು.

"ಏನು ಹೋತು?"

"ಮಂದು" ಅಂದಳು, ರೂಪನಗುಡಿಯಲ್ಲಿ ಅನ್ನುವ ಹಾಗೆ. "ನಮ್ಮ ಮನ್ಯಾಗ ನಾನು ಹಂಗೇ ಅಂತೀನಿ. ಯಾರು ಬೇಕಾದ್ರೂ ಕೇಳಿಸ್ಕೊಳ್ಳಲಿ."

ಆಮೇಲೆ ನೀರಿನ ಬಗ್ಗೆ ಜಗಳ ತೆಗೆದಳು. ಕುದಿಸಿ ಕುದಿಸಿ ಅದರ ರುಚಿಯನ್ನೇ ಕೊಂದಿದ್ದೇನಂತೆ.