ಸಾವಿನ ಮನೆಗೆ ‘ಶುಭದಿನ’

ಅಂಜನಾಪುರದ ಹಿಂದಿನ ನಮ್ಮ ಕೇರಿಯಲ್ಲಿ ಕಂಪ್ಯೂಟರ್ ಓದಿ ಕೆಲಸಕ್ಕೆ ಸೇರಿದವಳು ಈಶ್ವರಮ್ಮನ ಮಗಳು ವನಿತಾ. ಅಪ್ಪ ಸತ್ತ ಮೇಲೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಬಾಯಿ ಜೋರು, ಬಸ್ಸಿನ ಕಂಡಕ್ಟರನನ್ನೂ ಬಿಡುವವಳಲ್ಲ. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಕೆಲಸ ಬೇಕಲ್ಲ.

ಕೆಲಸ ಅಂದರೆ ಚಾಟ್ ಸ್ಕ್ರಿಪ್ಟ್ ಬರೆಯುವುದು. ನಾವು ಫೋನಿನಲ್ಲಿ ಮೆಸೇಜ್ ಹಾಕಿದರೆ ಆ ಕಡೆಯಿಂದ ಮನುಷ್ಯನ ಹಾಗೆ ಉತ್ತರ ಕೊಡುತ್ತದಲ್ಲ, ಆ ಮಿಷನ್‌ಗೆ ಬುದ್ಧಿ ಹೇಳುವುದು. ಈ ಕಡೆಯ ಬಡಾವಣೆಗಳಿಗೆಲ್ಲ ನೀರಿನ ಟ್ಯಾಂಕರ್ ಕಳಿಸುವ ಒಕ್ಕೂಟಕ್ಕೆ ಅಂಥದ್ದೊಂದು ಮಾಡಿಕೊಟ್ಟಿದ್ದರು. ಮೆಸೇಜಿನಲ್ಲಿ ‘ವಾಟರ್’ ಅಂತಲೋ ‘ನೀರು’ ಅಂತಲೋ ಇದ್ದರೆ ಟ್ಯಾಂಕರ್ ಸಾಲಿಗೆ ಹೋಗಬೇಕು. ಇಲ್ಲದಿದ್ದರೆ ‘ಧನ್ಯವಾದಗಳು, ಶುಭದಿನ’ ಅಂದು ಕೈ ತೊಳೆದುಕೊಳ್ಳಬೇಕು.

ಶುರುವಿನಲ್ಲಿ ಯಾರೋ ಆ ನಂಬರಿಗೆ, ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡ್ತೀವಿ ಅಂತ ಜಾಹೀರಾತು ಹಾಕಿದ. ಅವನ ಮನೆ ಬಾಗಿಲಿಗೆ ಟ್ಯಾಂಕರ್ ಹೋಗಿ ನಿಂತಿತು. ಒಕ್ಕೂಟದವರು ಬೈದರು. ವನಿತಾಳ ಆಫೀಸಿನ ಯಜಮಾನ ಮೋಹಿತ್ ತೀರ್ಮಾನ ಮಾಡಿದ: ಇಡೀ ಪದ ಬಿಡಿಯಾಗಿದ್ದರೆ ಮಾತ್ರ ಲೆಕ್ಕ, ಹಿಂದೆ ಮುಂದೆ ಏನಾದರೂ ಅಂಟಿಕೊಂಡಿದ್ದರೆ ಇಲ್ಲ. ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಒಂದು ಸಾಲಿನ ಸೂತ್ರ ಉಂಟು.

“ಸಾರ್, ‘ನೀರು’ ಅಂತ ಬಿಡಿಯಾಗಿ ನಮ್ಮೋರು ಎಲ್ಲಿ ಬರೀತಾರೆ? ನೀರಿಲ್ಲ, ನೀರೇ ಬಂದಿಲ್ಲ, ನೀರ್ ಬಿಡ್ರೋ ಅಂತಾರೆ,” ಅಂದಳು ವನಿತಾ.

“ಅಪಾರ್ಟ್‌ಮೆಂಟೋರೆಲ್ಲ ಇಂಗ್ಲಿಷಲ್ಲೇ ಹಾಕೋದು. ಬಿಡಿ, ಆಮೇಲೆ ನೋಡೋಣ.”

ಆ ‘ಆಮೇಲೆ’ ಬರಲೇ ಇಲ್ಲ. ಅಪಾರ್ಟ್‌ಮೆಂಟಿನ ‘ನೋ ವಾಟರ್’ಗೆ ಟ್ಯಾಂಕರ್ ಓಡಿತು, ನಮ್ಮ ಕೇರಿಗೆ ಶುಭದಿನ. ನಮ್ಮ ತಾತಂದಿರು ಊರಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ದೂರ ನಿಂತು ಕೂಗಬೇಕು, ಯಾರಿಗಾದರೂ ಮನಸ್ಸು ಬಂದರೆ ಸೇದಿ ಹೊಯ್ಯುತ್ತಿದ್ದರು. ಈಗ ಕೂಗುವುದಕ್ಕೆ ಫೋನ್ ಕೊಟ್ಟಿದ್ದಾರೆ. ದೂರ ಅಷ್ಟೇ ಇದೆ.

ಏಪ್ರಿಲ್ ಬಿಸಿಲಿನಲ್ಲಿ ಪಕ್ಕದ ಮನೆಯ ಯಲ್ಲಯ್ಯ ತೀರಿಕೊಂಡ. ಮಣ್ಣು ಮಾಡಿ ಬಂದವರು ಸ್ನಾನ ಮಾಡಿ, ಸಾವಿನ ಮನೆಯ ದೀಪ ನೋಡಿಯೇ ತಂತಮ್ಮ ಮನೆಗೆ ಹೋಗಬೇಕು. ಡ್ರಮ್ಮುಗಳೆಲ್ಲ ಖಾಲಿ. ಗಂಡಸರು ಕೈಕಾಲಿನ ಮಣ್ಣು ಒಣಗಿಸಿಕೊಂಡು ಬೀದಿಯಲ್ಲೇ ನಿಂತರು. ಈಶ್ವರಮ್ಮ ಮೆಸೇಜ್ ಹಾಕಿದಳು: ‘ಸಾವಾಗಿದೆ ಸಾರ್, ಸ್ನಾನಕ್ಕೂ ನೀರಿಲ್ಲ.’ ಉತ್ತರ ಬಂತು: ‘ಧನ್ಯವಾದಗಳು, ಶುಭದಿನ!’ ಜೊತೆಗೊಂದು ನಗುವ ಸೂರ್ಯ.

ಈಶ್ವರಮ್ಮ ಮಗಳಿಗೆ ಫೋನ್ ಮಾಡಿದಳು. “ಏನೇ, ಹೆಣ ಹೂತು ಬಂದೋರ್ಗೆ ಶುಭದಿನ ಅನ್ನಕ್ಕೇನೇ ನಿನ್ನ ಓದ್ಸಿದ್ದು? ಜನ ನನ್ನ ಮುಖಕ್ಕೆ ಉಗೀತವ್ರೆ!”

ವನಿತಾ ಎದ್ದು ಹೋಗಿ ಮೋಹಿತ್ ಮುಂದೆ ನಿಂತಳು.

“ಒಕ್ಕೂಟದ ಪರ್ಮಿಷನ್ ಇಲ್ದೆ ಚೇಂಜ್ ಮಾಡೋ ಹಾಗಿಲ್ಲ. ಸೋಮವಾರ ಕೇಳೋಣ. ಅಲ್ಲೀವರ್ಗೂ ನಿಮ್ಮೋರ್ಗೆ ಇಂಗ್ಲಿಷಲ್ಲಿ ಹಾಕೋಕೆ ಹೇಳಿ.”

ಅವಳೇ ‘ವಾಟರ್’ ಅಂತ ಹಾಕಿದ್ದರೆ ಟ್ಯಾಂಕರ್ ಹೋಗುತ್ತಿತ್ತು, ನಿಜ. ಆದರೆ ನಾಳೆ ಇನ್ನೊಂದು ಸಾವಿಗೆ ಮತ್ತದೇ ಸೂರ್ಯ ನಗುತ್ತಿದ್ದ. ಕುರ್ಚಿಗೆ ವಾಪಸ್ ಬಂದು ಸೂತ್ರ ತಿದ್ದಿದಳು: ‘ನೀರ’ ಅಂತ ಶುರುವಾದರೆ ಸಾಕು, ಅದಕ್ಕೆ ಯಾವ ಗುಣಿತ ಇದ್ದರೂ, ಬಾಲ ಎಷ್ಟುದ್ದ ಇದ್ದರೂ ಸರಿ. ಬೆಳಗಿನಿಂದ ಬಂದಿದ್ದ ಮೆಸೇಜುಗಳ ಮೇಲೆ ಅದನ್ನು ಓಡಿಸಿದಳು. ನಮ್ಮ ಕೇರಿಯದಷ್ಟೇ ಅಲ್ಲ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ವಠಾರಗಳ ಕೂಗೂ ಸಾಲಿಗೆ ಬಂತು. ಬ್ಯಾಗ್ ಎತ್ತಿಕೊಂಡು ಊರಿನ ಬಸ್ ಹತ್ತಿದಳು.

ಸಂಜೆ ನಮ್ಮ ಬೀದಿಗೆ ಟ್ಯಾಂಕರ್ ಬಂತು. ಗಂಡಸರು ಬಟ್ಟೆ ಸಮೇತ ಪೈಪಿನ ಕೆಳಗೆ ನಿಂತಿದ್ದಾಗ ವನಿತಾಗೆ ಮೋಹಿತ್ ಫೋನ್ ಬಂತು.

“ಯಾರನ್ನ ಕೇಳಿ ಮಾಡಿದ್ರಿ? ನೀರಜಾ ಅಂತ ಹೆಸರು ಹಾಕಿ ಗುಡ್ ಮಾರ್ನಿಂಗ್ ಕಳಿಸಿದೋರ ಮನೇಗೂ ಟ್ಯಾಂಕರ್ ಹೋಗಿದೆ!”

“ಹೋಗ್ಲಿ ಬಿಡಿ ಸಾರ್, ನೀರಜಾನೂ ಸ್ನಾನ ಮಾಡ್ತಾಳೆ.”

“ತಮಾಷೆ ಬೇಡ. ಈಗ್ಲೇ ಹಳೇದು ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ.”

“ನೀರಜಾನ ಬಿಡಿಸ್ತೀನಿ. ಹಳೇದು ಹಾಕಲ್ಲ. ಬೇಕಿದ್ರೆ ನೀವೇ ಬಂದು, ಇಲ್ಲಿ ನೆಂದು ನಿಂತಿರೋರ ಮುಂದೆ ಹಾಕಿ.”

ಮೋಹಿತ್ ಅವಳನ್ನು ತೆಗೆದ. ಅವಳ ಸೂತ್ರವನ್ನು ತೆಗೆಯಲಿಲ್ಲ. ನೀರಜಾ ಒಬ್ಬಳನ್ನು ಬಿಡಿಸಿ ಅದನ್ನೇ ಓಡಿಸುತ್ತಿದ್ದಾನೆ. ಕನ್ನಡಿಗರ ಸೇವೆ ಅಂತ ಒಕ್ಕೂಟದವರು ಅವನಿಗೆ ಶಾಲು ಹೊದಿಸಿದರಂತೆ, ಥೂ. ವನಿತಾ ಬನಶಂಕರಿ, ಜಯನಗರ ಅಂತ ಕೆಲಸಕ್ಕೆ ಅಲೆಯುತ್ತಿದ್ದಾಳೆ. ನಾಳಿದ್ದು ಕೇರಿಯ ಹೆಂಗಸರು ಮೋಹಿತನ ಆಫೀಸಿನ ಮೆಟ್ಟಿಲ ಮೇಲೆ ಕೂತು ಕೊಡ ಬಡಿಯುತ್ತಾರೆ. ಅವಳ ಕೆಲಸ ಅವಳಿಗೆ ಕೊಡುವ ತನಕ ಏಳುವುದಿಲ್ಲ.