ಗಣಿತದ ಮೇಷ್ಟ್ರು ಎಲ್ಲಿ?

ಗೆಳೆಯರೇ, ಇವತ್ತು ನಮ್ಮ ಶಾಲೆಗೆ ಶಾಸಕರು ಬಂದಿದ್ದರು. ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ಸರ್ಕಾರಿ ಶಾಲೆ, ನಾನು ಮುಖ್ಯಶಿಕ್ಷಕಿ. ಅವರು ನೇರ ಏಳನೇ ತರಗತಿಗೆ ನುಗ್ಗಿ ಒಂದು ಭಾಗಾಕಾರ ಕೇಳಿದರು. ಮಕ್ಕಳೆಲ್ಲ ನನ್ನ ಮುಖ ನೋಡಿದರು.

"ಗಣಿತದ ಮೇಷ್ಟ್ರು ಎಲ್ಲಿ ಮೇಡಂ?"

"ಮೂಗೂರು ಕಡೆಗೆ ಹಾಕ್ಬಿಟ್ರು ಸಾರ್. ಮಕ್ಳು ಕಮ್ಮಿ ಇರೋ ಸ್ಕೂಲಿಂದ ಮೇಷ್ಟ್ರನ್ನ ಎತ್ತೋ ಮಸೂದೆ ಪಾಸಾಯ್ತಲ್ಲ, ಅದ್ರಲ್ಲಿ. ಅವತ್ತು ಸದನದಲ್ಲಿ ನೀವೇನಂದ್ರಿ?"

"ಎಲ್ರೂ 'ಹೌದು' ಅಂತ ಕೂಗುದ್ರು, ನಾನೂ ಕೂಗ್ದೆ. ಒಬ್ಬೊಬ್ರ ಹೆಸ್ರು ಅಲ್ಲಿ ಯಾರು ಬರ್ಕತಾರೆ ಬುಡಿ!"

ನಮ್ಮಲ್ಲಿ ಒಂದನೇ ತರಗತಿಯ ಮಗು "ಎಸ್ ಮಿಸ್" ಅಂದರೂ ಹೆಸರಿನ ಮುಂದೆ ಗುರುತು ಬೀಳುತ್ತದೆ. ನಾನು ಸಂದರ್ಶಕರ ಪುಸ್ತಕ ತಂದು ಅವರ ಮುಂದೆ ಬಿಚ್ಚಿಟ್ಟೆ. "ಇಲ್ಲಿ ಬರ್ಕೋತೀವಿ ಸಾರ್. ಕಂಡಿದ್ದನ್ನ ನೀವೇ ಬರೀರಿ."

ಶಾಸಕರು ಗಂಭೀರವಾಗಿ ಬರೆದರು: "ಶಾಲೆ ಚೆನ್ನಾಗಿದೆ. ಗಣಿತ ಶಿಕ್ಷಕರಿಲ್ಲ. ಇದಕ್ಕೆ ಯಾರು ಕಾರಣ ಎಂದು ಕೂಡಲೇ ಪತ್ತೆ ಹಚ್ಚಿ ವರದಿ ಕೊಡುವುದು."

ಪತ್ತೆ ಹಚ್ಚಿಯಾಗಿದೆ. ಆ ಸಾಲಿನ ಕೆಳಗೇ ಸಹಿ ಹಾಕಿ ಹೋಗಿದ್ದಾರೆ.